ಗೊಡ್ಡು, ಬರಡು, ಮುದಿ: ಒಂದು ಅರ್ಥವಿಚಾರ

ಕನ್ನಡ ವಿಮರ್ಶೆಯ ಬರಹಗಳಲ್ಲಿ ‘ಗೊಡ್ಡು’ ಎಂಬ ಶಬ್ದಕ್ಕೆ ಬಿಡುವೇ ಇಲ್ಲ. ಗೊಡ್ಡು ಸಂಪ್ರದಾಯ, ಗೊಡ್ಡು ಪಾಂಡಿತ್ಯ, ಗೊಡ್ಡು ವೇದಾಂತ, ಗೊಡ್ಡು ಹರಟೆ ಎಂದು ಬರೆಯುವವರು ಬರೆಯುತ್ತಾರೆ. ಓದುವವರು ತಡವರಿಸದೆ ಮುಂದೆ ಸಾಗುತ್ತಾರೆ. ಬೇಳೆಯಿಲ್ಲದ ಸಾರನ್ನು ಗೊಡ್ಡುಸಾರೆಂದು ಕರೆಯುವ ಅಡುಗೆಮನೆಯ ಪ್ರಯೋಗದಲ್ಲಿ ಇರಬೇಕಾದುದು ಇಲ್ಲವೆಂಬುದಷ್ಟೇ ಅಭಿಪ್ರಾಯ. ವಿಮರ್ಶಕರ ಪ್ರಯೋಗದಲ್ಲಿಯಾದರೋ ಇನ್ನೊಂದು ಅಭಿಪ್ರಾಯವೂ ಮೆಲ್ಲನೆ ಸೇರಿಕೊಂಡಿದೆ: ಗೊಡ್ಡಾದುದು ಹಳೆಯದೂ ಆಗಿರುತ್ತದೆ, ಹಳೆಯದಾದುದರಿಂದಲೇ ಅದು ಗೊಡ್ಡಾಗಿದೆ. ಹೊಸಗನ್ನಡದ ನವೋದಯಕಾಲದಿಂದ ಈಚೆಗೆ ಪೂರ್ವಕವಿಗಳ ಮೇಲೆ ನಡೆದ ವಾದಗಳಲ್ಲಿ ಈ ಎರಡನೆಯ ಅಭಿಪ್ರಾಯವೇ ಬಲವಾಗಿ ಕೆಲಸಮಾಡಿದೆ. ಶಬ್ದವು ಹುಟ್ಟಿದುದು ದನದ ಕೊಟ್ಟಿಗೆಯಲ್ಲಿ. ಆದುದರಿಂದ ಕೊಟ್ಟಿಗೆಯಲ್ಲಿ ಅದಕ್ಕೆ ಏನರ್ಥವಿದೆ, ಹೆಣ್ಣುದನದ ವಯಸ್ಸಿಗೂ ಅದು ಕರುಹಾಕುವುದಕ್ಕೂ ನಿಜವಾಗಿ ಏನು ಸಂಬಂಧವಿದೆ ಎಂಬುದನ್ನು ವಿಚಾರಿಸಿ, ಆಮೇಲೆ ಕೆಲವು ಪ್ರಸಿದ್ಧ ವಾಕ್ಯಗಳ ಅರ್ಥವನ್ನು ಪುನಃ ನೋಡುವುದು ಈ ಲೇಖನದ ಉದ್ದೇಶ.

ಸಾಹಿತ್ಯದ ಪತ್ರಿಕೆಯಲ್ಲಿ ಪಶುಶರೀರದ ಪ್ರಸ್ತಾಪವೇಕೆಂದು ಕೆಲವರು ಕೇಳಬಹುದು. ೧೯೩೧ರಲ್ಲಿ ಪಂಪಭಾರತವನ್ನು ಪರಿಷತ್ತಿನಿಂದ ಪ್ರಕಟವಾಗುವಂತೆ ಸಂಪಾದಿಸಿದ ಬೆಳ್ಳಾವೆ ವೆಂಕಟನಾರಣಪ್ಪನವರೇ ‘ಜೀವವಿಜ್ಞಾನ’ವೆಂಬ ಗ್ರಂಥವನ್ನೂ ಬರೆದರು, ೧೯೧೮ರಲ್ಲಿ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದವರಲ್ಲಿಯೂ ಅವರು ಒಬ್ಬರು. ಹಳಗನ್ನಡದ ಪಾಠಾಂತರವನ್ನು ನೋಡುವ ಕಣ್ಣೂ ಜೀವಕೋಶವನ್ನು ನೋಡುವ ಕಣ್ಣೂ ಅವರಿಗೆ ಬೇರೆಬೇರೆಯಾಗಿರಲಿಲ್ಲ. ತುಮಕೂರು ಸೀಮೆಯ ಆ ಹಿರಿಯರ ಮೇಲ್ಪಂಕ್ತಿ ನಮಗೆ ಸಾಕು.

ತುಮಕೂರು ಸೀಮೆಯಿಂದಲೇ ಪ್ರಾರಂಭಿಸೋಣ. ಕೊರಟಗೆರೆ ತಾಲ್ಲೂಕಿನ ಕೊಳಾಲ ಹೋಬಳಿ, ಅದಕ್ಕೆ ಉತ್ತರಕ್ಕೆ ಮಧುಗಿರಿ, ಪಶ್ಚಿಮೋತ್ತರಕ್ಕೆ ಸಿರಾ, ಇನ್ನೂ ಆಚೆಗೆ ಪಾವಗಡ, ಇವೆಲ್ಲ ಮಳೆ ಕಡಿಮೆಯಾದ ಬಯಲುಸೀಮೆ. ಜಯಮಂಗಲಿಯಂಥ ಹೊಳೆಗಳಿದ್ದರೂ ವರ್ಷದ ಹೆಚ್ಚುಕಾಲ ಮರಳೇ ಕಾಣುತ್ತದೆ. ಇಲ್ಲಿ ಹಳ್ಳಿಕಾರ್ ತಳಿಯ ದನಕ್ಕೆ ಹೆಸರಿದೆ. ಶಿವರಾತ್ರಿಯ ಕಾಲಕ್ಕೆ ಸಿದ್ಧಗಂಗೆಯಲ್ಲಿ ಕೂಡುವ ದನಗಳ ಪರಿಷೆ ನಾಡಿಗೆಲ್ಲ ತಿಳಿದದ್ದು. ಇಂಥ ಸೀಮೆಯ ಒಕ್ಕಲಿಗನ ಬಾಯಲ್ಲಿ ಹೆಣ್ಣುದನದ ಆಯುಸ್ಸು ಒಂದೊಂದು ಹೆಜ್ಜೆಗೂ ಒಂದೊಂದು ಹೆಸರನ್ನು ಪಡೆದಿದೆ. ಕರುವು ಬೆಳೆದು ಕಡಸಾಗುತ್ತದೆ, ಮಣಕವಾಗುತ್ತದೆ, ಬೆದೆಗೆ ಬರುತ್ತದೆ, ಗಬ್ಬವಾಗುತ್ತದೆ, ಚೊಚ್ಚಲು ಈಯುತ್ತದೆ. ಆಮೇಲೆ ಲೆಕ್ಕವೆಲ್ಲ ಸೂಲಿನಿಂದ: ಎರಡನೆಯ ಸೂಲು, ಮೂರನೆಯ ಸೂಲು. ಹಾಲು ಕರೆಯುತ್ತಿದ್ದರೆ ಕರಾವು, ನಿಂತರೆ ಬತ್ತಿತು. ಗರ್ಭ ಜಾರಿದರೆ ಕಂದುಹಾಕಿತು. ಈ ಮಾತುಗಳಲ್ಲಿ ಯಾವುದೂ ಇನ್ನೊಂದರ ಪರ್ಯಾಯವಲ್ಲ. ಒಂದೊಂದರ ಹಿಂದೆಯೂ ಒಂದೊಂದು ಕ್ರಯವಿದೆ.

ವಯಸ್ಸನ್ನು ನಿರ್ಣಯಿಸುವುದು ಹಲ್ಲಿನಿಂದ. ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು ಎಂದು ಎಣಿಸಿ, ಕೊನೆಗೆ ಬಾಯಿಗೂಡಿತೆನ್ನುವಾಗ ದನಕ್ಕೆ ಸುಮಾರು ಐದು ವರ್ಷ. ಅಲ್ಲಿಂದ ಮುಂದೆ ಹಲ್ಲು ಸವೆದುದನ್ನು ನೋಡಿ ಊಹಿಸಬೇಕೇ ಹೊರತು ಎಣಿಸಲಾಗದು. ಎಂದರೆ, ಎಳೆಯ ದನದ ವಯಸ್ಸು ಬಾಯಲ್ಲಿ ಸ್ಪಷ್ಟವಾಗಿದೆ, ಮುದಿದನದ ವಯಸ್ಸು ಅಸ್ಪಷ್ಟವಾಗಿದೆ. ಆಗ ನೋಡುವವರು ಕೊಂಬಿನ ಬುಡದ ಬಳೆಗಳನ್ನು ನೋಡುತ್ತಾರೆ. ಗರ್ಭಕಾಲದಲ್ಲಿ ಶರೀರದ ಸಾರವು ಭ್ರೂಣಕ್ಕೆ ಹೋಗಿ ಕೊಂಬಿನ ಬೆಳವಣಿಗೆ ಕುಂದುವುದರಿಂದ ಒಂದೊಂದು ಸೂಲಿಗೂ ಒಂದು ತಗ್ಗು, ಅದರ ಮೇಲೆ ಒಂದು ಬಳೆ ಮೂಡುತ್ತದೆ. ಸೂಲು ತಪ್ಪಿದ ವರ್ಷ ಎರಡು ಬಳೆಗಳ ನಡುವಣ ಅಂತರ ಅಗಲವಾಗುತ್ತದೆ. ಕೊಂಬನ್ನು ಹೆರೆದು ನುಣುಪುಮಾಡಿ ಬಣ್ಣಹಚ್ಚುವ ಪರಿಷೆಯ ಪದ್ಧತಿಯಿಂದ ದನಕ್ಕೆ ಅಂದ ಬರುವುದೇನೋ ಸರಿಯೇ. ಈ ಲೆಕ್ಕವೂ ಅದರೊಡನೆ ಅಳಿಸಿಹೋಗುತ್ತದೆಂಬುದನ್ನು ಕೊಳ್ಳುವವರು ಬಲ್ಲರು.

ಇಷ್ಟೆಲ್ಲ ಸೂಕ್ಷ್ಮವಾದ ಈ ಭಾಷೆ ‘ಗೊಡ್ಡು’ ಎಂಬಲ್ಲಿಗೆ ಬಂದಾಗ ಮಾತ್ರ ಮೂರು ದನಗಳನ್ನು ಒಂದೇ ಗೂಟಕ್ಕೆ ಕಟ್ಟುತ್ತದೆ. ಎಂದೂ ಗಬ್ಬವಾಗದ ಮಣಕವೂ ಗೊಡ್ಡು. ಬರಗಾಲದಲ್ಲಿ ಸೊರಗಿ ಒಂದೆರಡು ವರ್ಷ ಬೆದೆಗೆ ಬಾರದೆ ನಿಂತ ಹಸುವೂ ಗೊಡ್ಡು. ಎಂಟೋ ಹತ್ತೋ ಸೂಲು ಈದು ವಯಸ್ಸಾಗಿ ಇನ್ನು ಗಬ್ಬ ನಿಲ್ಲದ ಹಸುವೂ ಗೊಡ್ಡು. ಪಾವಗಡದ ಕಡೆ ಕನ್ನಡದೊಡನೆ ತೆಲುಗೂ ಮನೆಮಾತಾಗಿರುವುದರಿಂದ ತೊಡಕು ಇನ್ನೂ ಹೆಚ್ಚು. ತೆಲುಗಿನಲ್ಲಿ ‘ಗೊಡ್ಡು’ ಎಂದರೆ ಬಂಜೆಯಾದುದು ಎಂಬ ಅರ್ಥವೂ ಉಂಟು, ಸುಮ್ಮನೆ ದನವೆಂಬ ಅರ್ಥವೂ ಉಂಟು. ‘ಗೊಡ್ಲು’ ಎಂದರೆ ಅಲ್ಲಿ ದನಗಳು. ಹೀಗಿದ್ದರೂ ಕನ್ನಡದ ಆಡುಮಾತು ಒಂದು ದಾರಿಯನ್ನು ಉಳಿಸಿಕೊಂಡಿದೆ. ‘ಗೊಡ್ಡು ಹಸು’ ಎಂಬುದು ಬೇರೆ, ‘ಹಸು ಗೊಡ್ಡು ಬಿದ್ದಿದೆ’ ಎಂಬುದು ಬೇರೆ. ಮೊದಲನೆಯದು ಸ್ವಭಾವವನ್ನು ಹೇಳುವ ವಿಶೇಷಣ. ಎರಡನೆಯದು ನಡೆದ ಸಂಗತಿಯನ್ನು ಹೇಳುವ ಕ್ರಿಯೆ. ಬಿದ್ದುದು ಏಳಲೂಬಹುದು. ಸಾಹಿತ್ಯದ ಭಾಷೆಯು ಶಬ್ದವನ್ನು ಕೊಟ್ಟಿಗೆಯಿಂದ ತಂದಾಗ ವಿಶೇಷಣವನ್ನು ಮಾತ್ರ ತಂದಿತು, ಕ್ರಿಯಾಪದವನ್ನು ಅಲ್ಲಿಯೇ ಬಿಟ್ಟಿತು.

ಸಂಸ್ಕೃತಕೋಶದಲ್ಲಿ ಏನಿದೆಯೆಂದು ನೋಡಿದರೆ ಒಂದು ಕುತೂಹಲದ ಸಂಗತಿ ಗೋಚರಿಸುತ್ತದೆ. ಅಮರಸಿಂಹನು ವೈಶ್ಯವರ್ಗದಲ್ಲಿ ಹಸುವಿನ ಅವಸ್ಥೆಗಳಿಗೆ ಹೇಳಿರುವ ಹೆಸರುಗಳು ನಮ್ಮ ಒಕ್ಕಲಿಗರ ಹೆಸರುಗಳಿಗಿಂತಲೂ ಹೆಚ್ಚು. ಬೆದೆಗೆ ಬಂದುದು ಉಪಸರ್ಯಾ (ಈ ಒಂದು ಶಬ್ದದ ಸಾಧುತ್ವಕ್ಕಾಗಿ ಪಾಣಿನಿಯು ಪ್ರತ್ಯೇಕ ಸೂತ್ರವನ್ನೇ ರಚಿಸಿದ್ದಾನೆ), ಎಳೆವಯಸ್ಸಿನಲ್ಲಿಯೇ ಗಬ್ಬವಾದುದು ಪ್ರಷ್ಠೌಹೀ, ಹೊಸದಾಗಿ ಈದುದು ಧೇನು, ಈದು ಬಹುಕಾಲವಾದುದು ಬಷ್ಕಯಣೀ, ವರ್ಷವರ್ಷವೂ ಈಯುವುದು ಸಮಾಂಸಮೀನಾ, ಹಲವು ಸಲ ಈದುದು ಪರೇಷ್ಟುಕಾ, ಗರ್ಭ ಸ್ರವಿಸಿದುದು ಅವತೋಕಾ, ಗರ್ಭವನ್ನು ಕೆಡಿಸುವುದು ವೇಹತ್, ಬಂಜೆಯಾದುದು ವಶಾ. ಮುದಿಯೆತ್ತಿಗೆ ಜರದ್ಗವವೆಂಬ ಹೆಸರು ಅಲ್ಲಿಯೇ ಇದೆ. ಮುದಿಹಸುವಿಗೆ ಮಾತ್ರ ಆ ಸಾಲಿನಲ್ಲಿ ಹೆಸರಿಲ್ಲ. ಕನ್ನಡಿಗರಿಗೆ ಅಮರಕೋಶವನ್ನು ವಿವರಿಸಿದ ನಾಚಿರಾಜನೇ ಮೊದಲಾದ ವ್ಯಾಖ್ಯಾನಕಾರರು ಮೂಲದ ಸಾಲನ್ನೇ ಅನುಸರಿಸಬೇಕಾದುದರಿಂದ ಪಾಠಶಾಲೆಯ ವಿದ್ಯಾರ್ಥಿಗೂ ಈ ತೆರವು ತಾನಾಗಿಯೇ ಬಂದಿತು. ಕರುಹಾಕಬಲ್ಲದು, ಹಾಕಲಾರದು ಎಂಬ ಎರಡರ ನಡುವೆ, ಹಾಕಿ ಮುಗಿಸಿದುದು ಎಂಬ ಮೂರನೆಯ ಅವಸ್ಥೆಗೆ ನಾವು ಕಲಿತ ಭಾಷೆಯಲ್ಲಿಯೂ ಆಡುವ ಭಾಷೆಯಲ್ಲಿಯೂ ಪ್ರತ್ಯೇಕವಾದ ನಾಮವಿಲ್ಲದೆ ಹೋಯಿತು.

ಈಗ ಶರೀರಶಾಸ್ತ್ರವು ಹೇಳುವುದನ್ನು ಕೇಳಬೇಕು. ದೂರದ ಒಂದು ಗ್ರಂಥಿಯಲ್ಲಿ ಹುಟ್ಟಿ ರಕ್ತದಲ್ಲಿ ಹರಿದು ಇನ್ನೊಂದು ಅಂಗವನ್ನು ಕೆಲಸಕ್ಕೆ ಎಬ್ಬಿಸುವ ರಸಗಳಿಗೆ ‘ಹಾರ್ಮೋನು’ ಎಂಬ ಹೆಸರನ್ನು ಸ್ಟಾರ್ಲಿಂಗನು ೧೯೦೫ರಲ್ಲಿ ಬಳಕೆಗೆ ತಂದನು. ಗ್ರೀಕ್ ಭಾಷೆಯ ಮೂಲಧಾತುವಿಗೆ ಪ್ರಚೋದಿಸುವುದೆಂದೇ ಅರ್ಥ. ಹೆಣ್ಣುಪ್ರಾಣಿಯ ಸಂತಾನಶಕ್ತಿ ಇಂಥ ರಸಗಳ ಒಂದು ಸರಪಣಿಯಿಂದ ನಡೆಯುತ್ತದೆ. ಮಿದುಳಿನ ಅಡಿಯಲ್ಲಿರುವ ಹೈಪೊಥಾಲಮಸ್ ಎಂಬ ಭಾಗವು ಬಿಟ್ಟುಬಿಟ್ಟು, ಮಿಡಿತಮಿಡಿತವಾಗಿ ಒಂದು ರಸವನ್ನು ಕೆಳಗಿನ ಪಿಟ್ಯುಟರಿ ಗ್ರಂಥಿಗೆ ಕಳುಹಿಸುತ್ತದೆ. ಇದರ ರಚನೆಯನ್ನು ೧೯೭೧ರಲ್ಲಿ ಕಂಡುಹಿಡಿದವರು ಶಾಲಿ ಮತ್ತು ಗಿಯೆಮಾ ಎಂಬವರ ಎರಡು ತಂಡಗಳು, ೧೯೭೭ರಲ್ಲಿ ಅವರಿಗೆ ನೊಬೆಲ್ ಬಹುಮಾನ ಸಂದಿತು. ಪಿಟ್ಯುಟರಿಯಿಂದ ಎರಡು ರಸಗಳು ಅಂಡಾಶಯಕ್ಕೆ ಇಳಿಯುತ್ತವೆ: ಒಂದು ಅಂಡಕೋಶಿಕೆಗಳನ್ನು ಬೆಳೆಸುವುದು, ಇದನ್ನು ಎಫ್.ಎಸ್.ಎಚ್. ಎನ್ನುವರು, ಮತ್ತೊಂದು ಬೆಳೆದ ಕೋಶಿಕೆಯನ್ನು ಒಡೆದು ಅಂಡವನ್ನು ಹೊರಹಾಕಿಸುವುದು, ಇದು ಎಲ್.ಎಚ್. ಅಂಡಾಶಯವೂ ಸುಮ್ಮನಿರುವುದಿಲ್ಲ. ಬೆಳೆಯುವ ಕೋಶಿಕೆಗಳು ಈಸ್ಟ್ರೊಜೆನ್ ಮತ್ತು ಇನ್‌ಹಿಬಿನ್ ಎಂಬ ರಸಗಳನ್ನು ಮೇಲಕ್ಕೆ ಕಳುಹಿಸಿ ‘ಸಾಕು’ ಎಂದು ತಿಳಿಸುತ್ತವೆ. ಆಗ ಮೇಲಿನ ಕರೆ ತಗ್ಗುತ್ತದೆ. ಹಸುವಿನಲ್ಲಿ ಈ ಕರೆ ಓಗೊಡುವಿಕೆಗಳ ಒಂದು ಸುತ್ತಿಗೆ ಸುಮಾರು ೨೧ ದಿನ. ಅದೇ ಬೆದೆಯ ಸುತ್ತು.

ಈ ಸರಪಣಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದೇ ಗೂಟದ ಮೂರು ದನಗಳನ್ನು ನೋಡಿದರೆ ಅವು ಮೂರು ಬೇರೆಬೇರೆ ಕಥೆಗಳೆಂಬುದು ತಿಳಿಯುತ್ತದೆ. ಹುಟ್ಟುಗೊಡ್ಡಿಗೆ ಒಂದು ಪ್ರಸಿದ್ಧ ಕಾರಣ ಅವಳಿಜವಳಿ. ಗಂಡುಕರುವಿನೊಡನೆ ಅವಳಿಯಾಗಿ ಹುಟ್ಟಿದ ಹೆಣ್ಣುಕರುಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಬಂಜೆಗಳೇ. ಗರ್ಭದಲ್ಲಿ ಎರಡರ ರಕ್ತನಾಳಗಳೂ ಕೂಡಿಕೊಂಡು, ಗಂಡಿನ ಕಡೆಯಿಂದ ಬಂದ ರಸಗಳು ಹೆಣ್ಣಿನ ಅಂಡಾಶಯವನ್ನು ಬೆಳೆಯಗೊಡವು. ಅಮೆರಿಕದ ಲಿಲ್ಲಿ ಎಂಬ ವಿದ್ವಾಂಸನು ಇದನ್ನು ೧೯೧೭ರ ಸುಮಾರಿಗೆ ವಿವರಿಸಿದನು. ಇಲ್ಲಿ ಓಗೊಡಬೇಕಾದ ಅಂಗವೇ ಮೊದಲಿನಿಂದಲೂ ಆಗಿಬಂದಿಲ್ಲ.

ಬರಗಾಲದ ಹಸುವಿನ ಕಥೆ ಇದಕ್ಕೆ ತೀರ ಬೇರೆ. ಮೇವು ಕಡಿಮೆಯಾಗಿ ಮೈ ಸೊರಗಿದಾಗ, ಅದರ ಮೇಲೆ ಕರುವೂ ಮೊಲೆಯುಣ್ಣುತ್ತಿದ್ದರೆ, ಮಿದುಳಿನಿಂದ ಬರುವ ಮಿಡಿತಗಳು ವಿರಳವಾಗುತ್ತವೆ; ಪಿಟ್ಯುಟರಿಯು ಸಾಕಷ್ಟು ಎಲ್.ಎಚ್. ಕೊಡದು, ಕೋಶಿಕೆಗಳು ಅರ್ಧ ಬೆಳೆದು ಹಾಗೆಯೇ ಕರಗಿಹೋಗುತ್ತವೆ. ಅಂಡಾಶಯದ ಬಂಡವಾಳಕ್ಕೆ ಯಾವ ಊನವೂ ಇಲ್ಲ. ಮೇಲಿನಿಂದ ಬರುವ ಕರೆ ಕುಗ್ಗಿದೆ, ಅಷ್ಟೆ. ಮಳೆ ಬಂದು ಹಸುರು ಚಿಗುರಿ ಮೈ ತುಂಬಿತೆಂದರೆ ಕರೆಯೂ ಹಿಂದಿರುಗುತ್ತದೆ, ಬೆದೆಯೂ ಹಿಂದಿರುಗುತ್ತದೆ. ಪಾವಗಡದಂಥ ಸೀಮೆಯಲ್ಲಿ ಗೊಡ್ಡೆಂದು ಅಗ್ಗಕ್ಕೆ ಮಾರಿದ ಹಸು ನೀರಾವರಿಯ ಸೀಮೆಗೆ ಹೋಗಿ ಮರುವರ್ಷ ಕರುಹಾಕಿದರೆ ಅದರಲ್ಲಿ ಆಶ್ಚರ್ಯಪಡುವುದೇನೂ ಇಲ್ಲ.

ಮುದಿಹಸುವಿನಲ್ಲಿ ನಡೆಯುವುದು ಇದಕ್ಕೆ ನೇರವಾಗಿ ವಿರುದ್ಧವಾದುದು. ಹಸುವಿನ ಅಂಡಾಶಯದಲ್ಲಿ ಹುಟ್ಟುವಾಗಲೇ ಒಂದು ಲಕ್ಷಕ್ಕೂ ಮೀರಿ ಮೂಲಕೋಶಿಕೆಗಳಿರುತ್ತವೆ. ಈ ಗಂಟು ವಯಸ್ಸು ನಡೆದಂತೆ ಕರಗುತ್ತ ಬಂದು, ಹದಿನೈದು ಇಪ್ಪತ್ತು ವರ್ಷಗಳ ಹೊತ್ತಿಗೆ ಕೆಲವೇ ಸಾವಿರಗಳಿಗೆ ಇಳಿಯುತ್ತದೆ. ಕೋಶಿಕೆಗಳು ಕಡಿಮೆಯಾದಂತೆ ‘ಸಾಕು’ ಎಂದು ತಿಳಿಸುವ ಇನ್‌ಹಿಬಿನ್ನೂ ಕಡಿಮೆಯಾಗುವುದರಿಂದ ಪಿಟ್ಯುಟರಿಯು ಸುಮ್ಮನಾಗುವುದರ ಬದಲು ಮತ್ತಷ್ಟು ಎಫ್.ಎಸ್.ಎಚ್. ಸುರಿಸುತ್ತದೆ. ಕೆನಡಾ ದೇಶದ ಸಸ್ಕಾಚೆವಾನ್ ವಿಶ್ವವಿದ್ಯಾನಿಲಯದಲ್ಲಿ ಈ ಶತಮಾನದ ಮೊದಲ ದಶಕದಲ್ಲಿ ನಡೆದ ಪರೀಕ್ಷೆಗಳು ಇದಕ್ಕೆ ಸೊಗಸಾದ ಪ್ರಮಾಣ. ಅಲ್ಲಿಯವರು ಹದಿಮೂರು ಹದಿನಾಲ್ಕು ವರ್ಷ ದಾಟಿದ ಹಸುಗಳನ್ನು ಯಾವುದೋ ಎಳೆಯ ಹಸುಗಳೊಡನೆ ಹೋಲಿಸದೆ, ಅವುಗಳ ಸ್ವಂತ ಹೆಣ್ಣುಮಕ್ಕಳೊಡನೆಯೇ ಹೋಲಿಸಿದರು. ತಾಯಂದಿರ ರಕ್ತದಲ್ಲಿ ಎಫ್.ಎಸ್.ಎಚ್. ಹೆಚ್ಚು, ಒಂದೊಂದು ಸುತ್ತಿನಲ್ಲಿ ಬೆಳೆಯಲು ಏಳುವ ಕೋಶಿಕೆಗಳು ಮಕ್ಕಳಲ್ಲಿಗಿಂತ ಕಡಿಮೆ. ಎಂದರೆ ಮುದಿತನದಲ್ಲಿ ಕರೆ ಜೋರಾಗುತ್ತದೆ, ಓಗೊಡುವವರು ಕಡಿಮೆಯಾಗುತ್ತಾರೆ. ಸೊರಗಿದ ಹಸುವಿನಲ್ಲಿ ಓಗೊಡುವವರು ತುಂಬಿದ್ದಾರೆ, ಕರೆಯಿಲ್ಲ. ಒಂದಕ್ಕೊಂದು ತಲೆಕೆಳಗಾದ ಈ ಎರಡು ಸ್ಥಿತಿಗಳನ್ನು ನಾವು ಒಂದೇ ಶಬ್ದದಿಂದ ಕರೆಯುತ್ತಿದ್ದೇವೆ.

ಮುದಿತನವೆಂಬುದೂ ಎಲ್ಲ ಪ್ರಾಣಿಗಳಲ್ಲಿ ಒಂದೇ ಬಗೆಯಲ್ಲ. ಇಲಿಗಳಲ್ಲಿ ಕೆಡುವುದು ಅಂಡಾಶಯಕ್ಕಿಂತ ಮೊದಲು ಮಿದುಳಿನ ಕಡೆ. ಎಳೆಯ ಇಲಿಯ ಅಂಡಾಶಯವನ್ನು ಮುದಿ ಇಲಿಗೆ ನಾಟಿಮಾಡಿದರೂ ಬೆದೆಯ ಸುತ್ತು ಸರಿಯಾಗದು, ಮುದಿ ಇಲಿಯದನ್ನು ಎಳೆಯದಕ್ಕೆ ನಾಟಿಮಾಡಿದರೆ ಅನೇಕ ವೇಳೆ ಸುತ್ತು ಮತ್ತೆ ನಡೆಯುತ್ತದೆ. ಓರ್ಕಾ ಎಂಬ ತಿಮಿಂಗಿಲದ ಹೆಣ್ಣು ನಲವತ್ತರ ಸುಮಾರಿಗೆ ಮರಿಹಾಕುವುದನ್ನು ನಿಲ್ಲಿಸಿ ಆಮೇಲೆ ದಶಕಗಳ ಕಾಲ ಬದುಕಿ ತನ್ನ ಹಿಂಡನ್ನು ನಡೆಸುತ್ತದೆ. ಹಸುವಿನಲ್ಲಿ ಹೆಂಗಸರಲ್ಲಿರುವಂತೆ ಒಂದು ಗೆರೆಯೆಳೆದ ಮುಟ್ಟುನಿಲುವಿಲ್ಲ. ಗಬ್ಬ ನಿಲ್ಲುವುದು ವಿರಳವಾಗುತ್ತ ಹೋಗುತ್ತದೆ, ಹೆಚ್ಚಿನವು ಗಂಟು ಪೂರ್ತಿ ಕರಗುವುದರೊಳಗೆ ಬೇರೆ ಕಾರಣಗಳಿಂದ ತೀರಿಕೊಳ್ಳುತ್ತವೆ.

ಇನ್ನು ಗ್ರಂಥಗಳಿಗೆ ಬರೋಣ. ಭಗವಂತನು ಒಲಿದರೆ ಒಣಕೊರಡು ಚಿಗುರುತ್ತದೆ, ಬರಡು ಹಯನಾಗುತ್ತದೆ, ವಿಷವು ಅಮೃತವಾಗುತ್ತದೆ ಎಂಬ ಅಭಿಪ್ರಾಯದ ಬಸವಣ್ಣನವರ ವಚನವನ್ನು ತಿಳಿಯದ ಕನ್ನಡಿಗರಿಲ್ಲ. ತರಗತಿಗಳಲ್ಲಿ ‘ಬರಡು’ ಎಂದರೆ ಗೊಡ್ಡುಹಸು ಎಂದು ಅರ್ಥಹೇಳಿ ಮುಂದೆ ಹೋಗುವುದು ರೂಢಿ. ಯಾವ ಗೊಡ್ಡು? ಬರಗಾಲದಲ್ಲಿ ಬಿದ್ದ ಗೊಡ್ಡಾದರೆ ಅದು ಹಯನಾಗುವುದು ಪ್ರತಿ ಮುಂಗಾರಿನಲ್ಲಿಯೂ ನಡೆಯುವ ಸಂಗತಿ. ಅದಕ್ಕೆ ದೇವರ ಒಲುಮೆಯನ್ನು ಸಾಕ್ಷಿಯಾಗಿ ಕರೆಯಬೇಕಾಗಿಲ್ಲ. ಕೊರಡಿನ ಜೋಡಿಯಾಗಿ ಬಂದಿರುವುದರಿಂದ, ಸ್ವಭಾವದಿಂದ ಎಂದೂ ಆಗದುದು ಎಂಬ ಅರ್ಥವೇ ಇಲ್ಲಿ ಬೇಕು. ಹಾಗಾದರೆ ಹುಟ್ಟುಗೊಡ್ಡೋ ಮುದಿಗೊಡ್ಡೋ? ಕೊರಡೆಂಬುದು ಒಂದು ಕಾಲಕ್ಕೆ ಚಿಗುರಿ ಹೂಬಿಟ್ಟಿದ್ದ ಮರ. ಈಗ ಜೀವ ತೀರಿದುದು. ಅದರ ಪಕ್ಕದಲ್ಲಿ ನಿಲ್ಲತಕ್ಕದ್ದು ಒಂದು ಕಾಲಕ್ಕೆ ಈದು ಕರೆದು ಮುಗಿಸಿದ ಮುದಿಹಸು ಎಂದು ನನಗೆ ತೋರುತ್ತದೆ. ಹುಟ್ಟುಗೊಡ್ಡೆಂದು ಇಟ್ಟುಕೊಂಡರೆ ದೃಷ್ಟಾಂತದ ಪವಾಡ ದೊಡ್ಡದಾಗುತ್ತದೆ, ಜೋಡಿ ಮಾತ್ರ ಕೆಡುತ್ತದೆ. ಮುದಿತನವನ್ನು ಒಪ್ಪಿದರೆ ವಚನವು ಕಳೆದುಹೋದುದು ಮತ್ತೆ ಬರುವುದನ್ನು ಹೇಳುತ್ತದೆ, ಇಲ್ಲದುದು ಉಂಟಾಗುವುದನ್ನಲ್ಲ. ಇದು ಕರುಣೆಯ ಬೇರೊಂದು ಬಗೆ. ಮೂರನೆಯದಾದ ವಿಷಾಮೃತದ ದೃಷ್ಟಾಂತವು ಈ ಜೋಡಿಯಿಂದ ಹೊರಗಿನದು, ಅಲ್ಲಿ ಒಂದು ವಸ್ತು ತನ್ನ ವಿರುದ್ಧ ವಸ್ತುವೇ ಆಗುತ್ತದೆ ಎಂದು ಯಾರಾದರೂ ಆಕ್ಷೇಪಿಸಿದರೆ ಅದು ಸರಿಯೇ. ಆದರೂ ಮೊದಲೆರಡನ್ನು ಕೂಡಿಸಿ ಹೇಳಿರುವ ನಾದಸಾಮ್ಯವೇ ಅವುಗಳ ಅರ್ಥಸಾಮ್ಯವನ್ನು ಬೇಡುತ್ತದೆ.

ಅಕ್ಕಮಹಾದೇವಿಯು ಬಂಜೆಗೆ ಹೆರಿಗೆಯ ಬೇನೆ ತಿಳಿಯದೆಂದು ಹೇಳುವ ವಚನದಲ್ಲಿ ಈ ಸಂಶಯಕ್ಕೆ ಎಡೆಯೇ ಇಲ್ಲ. ಅಲ್ಲಿ ಬಂಜೆಯೆಂದರೆ ಎಂದೂ ಹೆರದವಳು. ಹೆತ್ತು ಮುದುಕಿಯಾದವಳು ಬೇನೆಯನ್ನು ಬಲ್ಲಳು. ಶರಣರ ಭಾಷೆಯಲ್ಲಿ ‘ಬಂಜೆ’ ಮತ್ತು ‘ಬರಡು’ ಒಂದೇ ತಕ್ಕಡಿಯಲ್ಲಿ ತೂಗುವ ಮಾತುಗಳಲ್ಲವೆಂಬುದಕ್ಕೆ ಈ ಎರಡು ವಚನಗಳನ್ನು ಒಟ್ಟಿಗೆ ಓದಿಸಿದರೆ ಸಾಕು.

ಇವೆಲ್ಲಕ್ಕಿಂತ ಹೆಚ್ಚಾಗಿ ಕೆಟ್ಟಿರುವುದು ಕಠೋಪನಿಷತ್ತಿನ ಕಥೆಯ ಕನ್ನಡ ರೂಪ. ವಾಜಶ್ರವಸನು ಗೊಡ್ಡುಹಸುಗಳನ್ನು ದಾನಮಾಡಿದನು, ಮಗನಾದ ನಚಿಕೇತನು ಅದನ್ನು ಕಂಡು ನೊಂದನು ಎಂದು ಹೇಳುವುದುಂಟು. ಮೂಲದಲ್ಲಿ ಆ ಹಸುಗಳಿಗೆ ನಾಲ್ಕು ವಿಶೇಷಣಗಳಿವೆ: ಕುಡಿಯುವ ನೀರನ್ನು ಕುಡಿದು ಮುಗಿಸಿದವು, ಮೇಯುವ ಹುಲ್ಲನ್ನು ಮೇದು ಮುಗಿಸಿದವು, ಕರೆಯುವ ಹಾಲನ್ನೆಲ್ಲ ಕರೆಸಿಕೊಂಡವು, ಕೊನೆಗೆ ‘ನಿರಿಂದ್ರಿಯ’ವಾದವು. ಮೊದಲ ಮೂರರಲ್ಲಿಯೂ ‘ಮುಗಿಸಿದ’ ಎಂಬ ಭಾವ ಸ್ಪಷ್ಟವಾಗಿದೆ. ‘ಇಲ್ಲದ’ ಎಂಬ ಭಾವವಿಲ್ಲ. ನಾಲ್ಕನೆಯದನ್ನು ಭಾಷ್ಯಕಾರರಾದ ಶಂಕರರು ಸಂತಾನಶಕ್ತಿ ಉಡುಗಿದವು ಎಂದು ಅರ್ಥೈಸಿ, ಜೀರ್ಣವಾದವು ಎಂದೂ ಸೇರಿಸುತ್ತಾರೆ. ಇಂದ್ರಿಯವೆಂದರೆ ಕಣ್ಣು ಕಿವಿ ಮೊದಲಾದುವೆಂದು ತೆಗೆದುಕೊಳ್ಳದೆ, ಜೀರ್ಣತೆಯೊಡನೆ ಸೇರಿಸಿ ಸಂತಾನಶಕ್ತಿಯೆಂದು ತೆಗೆದುಕೊಂಡುದು ಭಾಷ್ಯದ ಸೂಕ್ಷ್ಮತೆ. ಅಮರನ ಸಾಲಿನಲ್ಲಿ ಸಿಕ್ಕದ ಮೂರನೆಯ ಅವಸ್ಥೆ, ಈದು ಮುಗಿಸಿದುದು ಎಂಬ ಅವಸ್ಥೆ, ಇಲ್ಲಿ ಒಂದು ಶಬ್ದವನ್ನು ಪಡೆದಿದೆ.

ಈ ನಾಲ್ಕರ ಕ್ರಮವೂ ಗಮನಿಸತಕ್ಕದ್ದು. ಹಸುವಿನ ಶರೀರದಲ್ಲಿ ಮುಪ್ಪು ಬರುವ ಕ್ರಮ ಇದಕ್ಕೆ ತಿರುಗುಮುರುಗು. ಮೊದಲು ಗಬ್ಬ ನಿಲ್ಲದಾಗುತ್ತದೆ, ಕರುವಿಲ್ಲದ ಮೇಲೆ ಹಾಲು ನಿಲ್ಲುತ್ತದೆ, ಹಲ್ಲು ಸವೆದು ಹುಲ್ಲು ನಿಲ್ಲುತ್ತದೆ, ಕಟ್ಟಕಡೆಗೆ ನೀರು. ಉಪನಿಷತ್ತು ಕಡೆಯದನ್ನು ಮೊದಲಿಟ್ಟು ಹಿಂದುಹಿಂದಕ್ಕೆ ನಡೆದು ಮೂಲವನ್ನು ಮುಟ್ಟುತ್ತದೆ. ಹೊರಗೆ ಕಣ್ಣಿಗೆ ಬೀಳುವುದು ಮೊದಲು, ಒಳಗಿನ ಕಾರಣ ಆಮೇಲೆ. ದಕ್ಷಿಣೆಗಾಗಿ ಹೊಡೆದುಕೊಂಡು ಹೋಗುತ್ತಿದ್ದ ಹಸುಗಳನ್ನು ಒಬ್ಬ ಹುಡುಗ ಎಷ್ಟು ಹೊತ್ತು ನೋಡಿದನೆಂಬುದು ಈ ಕ್ರಮದಿಂದಲೇ ತಿಳಿಯುತ್ತದೆ. ಇಂಥ ಹಸುಗಳನ್ನು ಗೊಡ್ಡೆಂದು ಅನುವಾದಿಸಿದರೆ ತಂದೆಯ ಅಪರಾಧವೂ ಬದಲಾಗುತ್ತದೆ. ಗೊಡ್ಡನ್ನು ಕೊಟ್ಟವನು ಕೆಲಸಕ್ಕೆ ಬಾರದ ಮಾಲನ್ನು ಸಾಗಿಸಿದ ಕೃಪಣ, ಅಷ್ಟೆ. ಈದು ಕರೆಸಿಕೊಂಡು ಮುಗಿಸಿದ ಹಸುವನ್ನು ಕೊಟ್ಟವನು, ತಾನು ಉಂಡ ಹಾಲಿನ ಋಣವನ್ನು ಇನ್ನೊಬ್ಬನ ಕೊಟ್ಟಿಗೆಗೆ ದಾಟಿಸಿದವನು. ನಚಿಕೇತನು ನೊಂದುದು ಎರಡನೆಯದಕ್ಕೆಂದು ಓದಿದರೆ, ‘ನನ್ನನ್ನು ಯಾರಿಗೆ ಕೊಡುವೆ’ ಎಂಬ ಅವನ ಪ್ರಶ್ನೆಗೆ ಬೇರೊಂದು ತೀಕ್ಷ್ಣತೆ ಬರುತ್ತದೆ.

ಕನ್ನಡದ ಶಾಸ್ತ್ರಗ್ರಂಥಗಳು ಈ ವಿಷಯದಲ್ಲಿ ನಮಗೆ ಹೆಚ್ಚು ನೆರವಾಗುವುದಿಲ್ಲ. ೧೨ನೆಯ ಶತಮಾನದ ಆದಿಭಾಗದಲ್ಲಿ ಚಾಲುಕ್ಯ ರಾಜವಂಶದ ಕೀರ್ತಿವರ್ಮನು ಬರೆದ ‘ಗೋವೈದ್ಯ’ವು ಔಷಧವೂ ಮಂತ್ರವೂ ಬೆರೆತ ಗ್ರಂಥ. ವೈದ್ಯವೆಂದ ಮೇಲೆ ಅದರ ದೃಷ್ಟಿ ರೋಗದ ಕಡೆಗೆ. ಮುಪ್ಪು ರೋಗವಲ್ಲವಾದುದರಿಂದ ಇಂಥ ಶಾಸ್ತ್ರಗಳಿಗೆ ಅದು ಸ್ವಾಭಾವಿಕವಾಗಿಯೇ ಹೊರಗು. ಜನಪದ ಕಾವ್ಯದಲ್ಲಿಯಾದರೂ ಮುದಿಹಸು ಸಿಕ್ಕೀತೇ ಎಂದು ನೋಡಿದರೆ ಅಲ್ಲಿಯೂ ನಿರಾಶೆಯೇ. ಸಿರಾ ತಾಲ್ಲೂಕಿನ ಕಳುವರಹಳ್ಳಿಯಲ್ಲಿ ನೆಲೆಗೊಂಡ ಜುಂಜಪ್ಪನು ದನಗಾಹಿಗಳಾದ ಕಾಡುಗೊಲ್ಲರ ವೀರ. ಗಣೆಯೆಂಬ ಉದ್ದನೆಯ ಕೊಳಲನ್ನು ನುಡಿಸುತ್ತ ಅವನ ಕಥೆಯನ್ನು ಹಾಡುವವರು ಈ ಸೀಮೆಯಲ್ಲಿ ಬಹುಮಂದಿ ಇದ್ದರು. ಅಲ್ಲಿ ಹೆಸರಿಟ್ಟು ಹೊಗಳುವ ಪ್ರಾಣಿ ಬಡಮೈಲನೆಂಬ ಹೋರಿ. ಹಸುಗಳೆಲ್ಲ ಸೇರಿ ಒಂದು ಹಿಂಡು. ಪುಣ್ಯಕೋಟಿಯ ಕಥೆಯಲ್ಲಿ ಹಸುವಿಗೆ ಹೆಸರೂ ಇದೆ, ಮಾತೂ ಇದೆ. ಆದರೆ ಆಕೆ ಮೊಲೆಯುಣ್ಣುವ ಕರುವಿನ ತಾಯಿ, ಕರಾವಿನ ಹಸು. ಕರು ದೊಡ್ಡದಾಗಿ ಹಾಲು ಬತ್ತಿದ ಮೇಲೆ ಪುಣ್ಯಕೋಟಿ ಏನಾದಳೆಂದು ನಮ್ಮ ಹಾಡು ಕೇಳುವುದಿಲ್ಲ.

ಕೇಳಿದುದು ಕಾಯಿದೆ. ಇದನ್ನು ಇಲ್ಲಿ ಹೇಳುವುದು ಅದರ ಧರ್ಮಾಧರ್ಮಗಳನ್ನು ಚರ್ಚಿಸಲಿಕ್ಕಲ್ಲ, ಮಾತಿನ ಮೌಲ್ಯವನ್ನು ತೋರಿಸಲಿಕ್ಕೆ. ೧೯೬೪ರ ಮೈಸೂರು ಗೋವಧೆ ಪ್ರತಿಬಂಧಕ ಶಾಸನವು ಹಸುವಿನ ವಧೆಯನ್ನು ನಿಷೇಧಿಸಿ, ಎತ್ತು, ಹೋರಿ, ಕೋಣ, ಎಮ್ಮೆಗಳ ವಿಷಯದಲ್ಲಿ ಮಾತ್ರ, ಹನ್ನೆರಡು ವರ್ಷ ಮೀರಿದೆ ಎಂದಾಗಲಿ, ಗಬ್ಬಕ್ಕೆ ದುಡಿಮೆಗೆ ಅಥವಾ ಹಾಲಿಗೆ ಶಾಶ್ವತವಾಗಿ ಅಸಮರ್ಥವಾಗಿದೆ ಎಂದಾಗಲಿ ಅಧಿಕಾರಿಯ ಪ್ರಮಾಣಪತ್ರ ಪಡೆದರೆ ವಧೆಗೆ ಅನುಮತಿ ಕೊಟ್ಟಿತ್ತು. ವಯಸ್ಸು ಒಂದು, ಅಸಾಮರ್ಥ್ಯ ಮತ್ತೊಂದು. ಎರಡನ್ನೂ ‘ಅಥವಾ’ ಎಂಬ ಶಬ್ದ ಬೇರೆಮಾಡಿತ್ತು. ಎಮ್ಮೆಯೊಂದರ ಜೀವವು ‘ಶಾಶ್ವತವಾಗಿ’ ಎಂಬ ಕ್ರಿಯಾವಿಶೇಷಣದ ಮೇಲೆ ನಿಂತಿತ್ತು, ಏಕೆಂದರೆ ಬರಗಾಲದ ಗೊಡ್ಡನ್ನೂ ನಿಜವಾದ ಗೊಡ್ಡನ್ನೂ ಬೇರ್ಪಡಿಸುವ ಮಾತು ಅದೊಂದೇ. ೨೦೨೦ರ ಕಾಯಿದೆಯು ಗೋಸಂತತಿಯನ್ನು ಯಾವ ವಯಸ್ಸಿನಲ್ಲಿಯೂ ವಧಿಸಬಾರದೆಂದು ವಿಧಿಸಿ, ಎಮ್ಮೆಕೋಣಗಳಿಗೆ ಹದಿಮೂರು ವರ್ಷದ ಗೆರೆಯನ್ನು ಹಾಕಿತು. ವಿವೇಚಿಸಬೇಕಾದ ಶಬ್ದದ ಸ್ಥಾನಕ್ಕೆ ಎಣಿಸಬಹುದಾದ ಅಂಕಿ ಬಂದಿತು. ಐದು ವರ್ಷದ ಮೇಲೆ ಹಲ್ಲಿನಿಂದ ವಯಸ್ಸನ್ನು ಎಣಿಸಲಾಗದೆಂಬ ಮಾತನ್ನು ಮೇಲೆ ಹೇಳಿಯಾಗಿದೆ.

ಕಿಟ್ಟೆಲರ ೧೮೯೪ರ ನಿಘಂಟಿನಿಂದ ಮೊದಲಾಗಿ ಪರಿಷತ್ತಿನ ಎಂಟು ಸಂಪುಟಗಳವರೆಗೆ ಕನ್ನಡ ಕೋಶಕಾರರು ಮಾಡಿರುವ ಕೆಲಸ ದೊಡ್ಡದು. ಮುಂದಿನ ಪರಿಷ್ಕರಣದಲ್ಲಿ ‘ಗೊಡ್ಡು’ ‘ಬರಡು’ ಶಬ್ದಗಳ ಕೆಳಗೆ ಎಂದೂ ಈಯದುದು, ಸದ್ಯಕ್ಕೆ ಈಯದೆ ನಿಂತುದು, ಈದು ಮುಗಿಸಿದುದು ಎಂದು ಮೂರು ಅರ್ಥಗಳನ್ನು ಬೇರೆಬೇರೆ ಅಂಕಿಹಾಕಿ ಕೊಟ್ಟು, ಒಂದೊಂದಕ್ಕೂ ಪ್ರಯೋಗವನ್ನು ತೋರಿಸಿದರೆ ಅಧ್ಯಾಪಕರಿಗೆ ಉಪಕಾರವಾದೀತು. ‘ಗೊಡ್ಡು ಬೀಳು’ ಎಂಬ ಕ್ರಿಯಾಪದಕ್ಕೆ ಪ್ರತ್ಯೇಕವಾದ ಉಲ್ಲೇಖ ಬೇಕು.

ವಿಮರ್ಶಕರ ಪ್ರಯೋಗಕ್ಕೂ ಇದೇ ಪರೀಕ್ಷೆಯನ್ನು ಹಚ್ಚಬಹುದು. ೧೨ನೆಯ ಶತಮಾನದ ಶರಣರ ತರುವಾಯ ಎರಡು ಶತಮಾನಗಳ ಕಾಲ ವಚನರಚನೆ ವಿರಳವಾಯಿತು. ಆ ಹೊತ್ತಿಗೆ ನಿಂತು ನೋಡಿದವನು ವಚನವಾಙ್ಮಯ ಗೊಡ್ಡಾಯಿತೆಂದು ಬರೆಯಬಹುದಾಗಿತ್ತು. ಆದರೆ ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿ ನೆಲಸಿದ ತೋಂಟದ ಸಿದ್ಧಲಿಂಗಯತಿಗಳು ‘ಷಟ್‌ಸ್ಥಲ ಜ್ಞಾನಸಾರಾಮೃತ’ದ ೭೦೧ ವಚನಗಳನ್ನು ಬರೆದರು, ಅವರ ಶಿಷ್ಯಪರಂಪರೆಯಲ್ಲಿ ಮತ್ತೆ ಅನೇಕ ವಚನಕಾರರು ಹುಟ್ಟಿದರು. ಅಂಡಾಶಯದಲ್ಲಿ ಗಂಟು ಹಾಗೆಯೇ ಇದ್ದಿತು, ಕರೆ ನಿಂತಿದ್ದಿತು ಅಷ್ಟೆ. ಇದು ಗೊಡ್ಡು ಬಿದ್ದುದು.

ಚಂಪುವಿನ ವಿಷಯ ಹಾಗಲ್ಲ. ರಾಜಾಸ್ಥಾನಗಳ ಕರೆ ಎಂದೂ ಪೂರ್ತಿ ನಿಲ್ಲಲಿಲ್ಲ. ಬಿರುದು, ಉಂಬಳಿ, ಗೋಷ್ಠಿಗಳು ಇದ್ದೇ ಇದ್ದವು. ಕವಿಗಳು ಮಾತ್ರ ಒಬ್ಬೊಬ್ಬರಾಗಿ ಕಡಿಮೆಯಾಗುತ್ತ ಬಂದರು. ೧೭ನೆಯ ಶತಮಾನದಲ್ಲಿ ಷಡಕ್ಷರಿಯು ‘ರಾಜಶೇಖರವಿಳಾಸ’ವನ್ನು ಬರೆದಾಗ ಆ ಜಾತಿಯ ಕಾವ್ಯಕ್ಕೆ ಏಳುನೂರು ವರ್ಷಗಳ ವಯಸ್ಸು. ಮುದಿಹಸು ಹಾಕಿದ ಈ ಕರು ಚೊಚ್ಚಲ ಕರುವಿಗೆ ಸಾಟಿಯೇ ಎಂಬುದು ರಸಿಕರ ಚರ್ಚೆಗೆ ಬಿಟ್ಟುದು. ನನ್ನ ಮಟ್ಟಿಗೆ ಅದು ಸೊಂಪಾದ ಕರುವೇ. ಚಂಪುವನ್ನು ಮುದಿಯೆನ್ನಬಹುದು, ಬೇಕಾದರೆ ಷಡಕ್ಷರಿಯ ಅನಂತರ ಈದು ಮುಗಿಸಿತೆಂದೂ ಹೇಳಬಹುದು. ಪಂಪನಿಂದ ಷಡಕ್ಷರಿಯವರೆಗೆ ಅಷ್ಟು ಸೂಲು ಈದುದನ್ನು ಗೊಡ್ಡೆಂದು ಕರೆಯುವವರು ಕೊಂಬಿನ ಬಳೆಗಳನ್ನು ಎಣಿಸಿ ನೋಡಿದವರಲ್ಲ.